ಬೇಲಿಯೊಳಗಿನ ಚೌಕ: ಚಂಡೀಗಢದ ಕ್ಯಾಪಿಟಲ್ ಟೂರ್, ಒಂದು ಪ್ರಕರಣ ಅಧ್ಯಯನ

ಚಂಡೀಗಢದ ಸೆಕ್ಟರ್ 1ರಲ್ಲಿ ಒಂದು ದೊಡ್ಡ ಕಾಂಕ್ರೀಟ್ ಬಯಲಿದೆ. ಕ್ಯಾಪಿಟಲ್ ಎನ್ನುವುದು ಇದನ್ನೇ. ಒಂದು ತುದಿಗೆ ಹೈಕೋರ್ಟ್, ಎದುರು ತುದಿಗೆ ವಿಧಾನಸಭೆ. ಅದರ ಹಿಂದೆ ಉದ್ದಕ್ಕೂ ಚಾಚಿಕೊಂಡ ಸೆಕ್ರೆಟೇರಿಯಟ್. ಬಯಲಿನಾಚೆ ಶಿವಾಲಿಕ್ ಬೆಟ್ಟಗಳು. ಈ ಬಯಲಿನಲ್ಲಿ ಜನ ಮಾತ್ರ ನಡೆಯಬೇಕು, ಕಾರು ಕಣ್ಣಿಗೇ ಬೀಳಬಾರದು ಎಂದು ಇದನ್ನು ರೂಪಿಸಿದ ಸ್ವಿಸ್-ಫ್ರೆಂಚ್ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ರಸ್ತೆ, ಪಾರ್ಕಿಂಗ್ ಎಲ್ಲವನ್ನೂ ತಗ್ಗಿಗೆ ಇಳಿಸಿದರು. ಅಗೆದು ತೆಗೆದ ಮಣ್ಣಿನಿಂದ ಸುತ್ತ ದಿಬ್ಬಗಳನ್ನು ಮಾಡಿಸಿದರು. ಅಂದರೆ ಇದು ಕಾಗದದ ಮೇಲೆ ಅಪ್ಪಟ ಸಾರ್ವಜನಿಕ ಚೌಕ.

ಇವತ್ತು ಈ ಚೌಕಕ್ಕೆ ಸುಮ್ನೆ ನಡೆದು ಹೋಗಲಾಗದು. ಪಕ್ಕದ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಗುರುತಿನ ಚೀಟಿ ತೋರಿಸಬೇಕು, ಹೆಸರು ಬರೆಸಬೇಕು, ನಿಗದಿತ ಹೊತ್ತಿಗೆ ಗೈಡ್ ಹಿಂದೆ ಗುಂಪಿನಲ್ಲಿ ಹೊರಡಬೇಕು. ವಿದೇಶದವರಾದರೆ ಪಾಸ್‌ಪೋರ್ಟ್. ಗುಂಪು ಬಿಟ್ಟು ಬೇರೆ ಕಡೆ ಹೋಗುವ ಹಾಗಿಲ್ಲ. ಕ್ಯಾಮೆರಾ ಎಲ್ಲಿ ಎತ್ತಬಹುದು, ಎಲ್ಲಿ ಬೇಡ ಎಂಬುದನ್ನೂ ಅವರೇ ಹೇಳುತ್ತಾರೆ.

ಆಧುನಿಕ ವಾಸ್ತುಶಿಲ್ಪ ತೋರಿಸುವ ಟೂರ್‌ಗಳು ಜಗತ್ತಿನ ಎಷ್ಟೋ ಊರುಗಳಲ್ಲಿವೆ. ಬಾರ್ಸಿಲೋನಾದಲ್ಲಿ ಗೈಡ್ ಇಲ್ಲದಿದ್ದರೂ ಚೌಕ ಇರುತ್ತದೆ. ಅಲ್ಲಿ ಮಕ್ಕಳು ಆಡುತ್ತಾರೆ, ಮುದುಕರು ಬೆಂಚಿನ ಮೇಲೆ ಕೂತಿರುತ್ತಾರೆ, ಟೂರ್ ಗುಂಪು ಅವರ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ಚಂಡೀಗಢದಲ್ಲಿ ತಿರುವುಮುರುವು. ಟೂರ್ ಬಂದಾಗ ಮಾತ್ರ ಚೌಕಕ್ಕೆ ಜನ ಬರುತ್ತಾರೆ. ಟೂರ್ ಹೋದ ಮೇಲೆ ಪೊಲೀಸರು, ವಕೀಲರು, ಸರ್ಕಾರಿ ನೌಕರರು. ಹಾಗಾಗಿ ಇಲ್ಲಿ ಟೂರ್‌ನ ದಾರಿ ಯಾವುದು, ಹೊತ್ತು ಯಾವುದು, ಗೈಡ್ ಏನು ಹೇಳುತ್ತಾರೆ, ಏನು ಬಿಡುತ್ತಾರೆ ಎನ್ನುವುದು ಸಣ್ಣ ವಿಷಯವಲ್ಲ. ಚೌಕದ ಅರ್ಥವನ್ನೇ ಅದು ತೀರ್ಮಾನಿಸುತ್ತದೆ. ಈ ಬರಹ ಅದರ ಬಗ್ಗೆ.

ಲಾಹೋರ್ ಹೋದ ಮೇಲೆ

1947ರಲ್ಲಿ ದೇಶ ಒಡೆದಾಗ ಪಂಜಾಬಿನ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಭಾರತದ ಪಾಲಿನ ಪಂಜಾಬಿಗೆ ರಾಜಧಾನಿಯೇ ಇಲ್ಲ. ಶಿಮ್ಲಾದಲ್ಲಿ ತಾತ್ಕಾಲಿಕವಾಗಿ ಕೆಲಸ ನಡೆಯಿತು. ಹೊಸ ಊರು ಕಟ್ಟೋಣ ಎಂದು ನಿರ್ಧಾರವಾಯಿತು. ಜಾಗ ಆರಿಸುವುದರಿಂದ ಹಿಡಿದು ವಾಸ್ತುಶಿಲ್ಪಿಗಳನ್ನು ಹುಡುಕುವವರೆಗೆ ಓಡಾಡಿದವರು ಇಬ್ಬರು: ಆಡಳಿತಗಾರ ಪಿ.ಎನ್. ಥಾಪರ್ ಮತ್ತು ಮುಖ್ಯ ಎಂಜಿನಿಯರ್ ಪಿ.ಎಲ್. ವರ್ಮ.

ಮೊದಲ ನಕ್ಷೆ ಕಾರ್ಬೂಸಿಯೆ ಅವರದ್ದಲ್ಲ. ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಪೋಲೆಂಡ್ ಮೂಲದ ಮ್ಯಾಥ್ಯೂ ನೊವಿಟ್ಸ್ಕಿ ಬೀಸಣಿಗೆ ಆಕಾರದ, ಬಳುಕುವ ರಸ್ತೆಗಳ ಊರೊಂದನ್ನು ಬರೆದಿದ್ದರು. 1950ರ ಆಗಸ್ಟ್‌ನಲ್ಲಿ ನೊವಿಟ್ಸ್ಕಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಥಾಪರ್ ಮತ್ತು ವರ್ಮ ಯುರೋಪಿಗೆ ಹೋದರು. ಅವರ ಹುಡುಕಾಟ ಕಾರ್ಬೂಸಿಯೆ, ಅವರ ಸೋದರ ಸಂಬಂಧಿ ಪಿಯರ್ ಜಾನರೆ, ಇಂಗ್ಲೆಂಡಿನ ದಂಪತಿ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ಅವರಲ್ಲಿಗೆ ಬಂದು ನಿಂತಿತು. 1951ರಲ್ಲಿ ಕಾರ್ಬೂಸಿಯೆ ಬಂದರು. ಕೆಲವೇ ದಿನಗಳಲ್ಲಿ ಬಳುಕುವ ರಸ್ತೆಗಳೆಲ್ಲ ನೇರವಾದವು. 800 ಮೀಟರ್‌ಗೆ 1200 ಮೀಟರ್ ಅಳತೆಯ ಸೆಕ್ಟರ್‌ಗಳ ಚೌಕಟ್ಟು ಹುಟ್ಟಿತು.

ಕಾರ್ಬೂಸಿಯೆ ವರ್ಷಕ್ಕೆ ಒಂದೆರಡು ಸಲ ಬಂದು ಹೋಗುತ್ತಿದ್ದರು. ಊರಲ್ಲೇ ಕೂತು ಕೆಲಸ ಮಾಡಿದವರು ಜಾನರೆ, 1965ರವರೆಗೂ. ಅವರ ಜೊತೆ ಎಂ.ಎನ್. ಶರ್ಮ, ಆದಿತ್ಯ ಪ್ರಕಾಶ್, ಯು.ಇ. ಚೌಧರಿ, ಜೀತ್ ಮಲ್ಹೋತ್ರ ಮೊದಲಾದ ಭಾರತೀಯರ ತಂಡ. ಟೂರ್‌ಗಳಲ್ಲಿ ಈ ಹೆಸರುಗಳು ಬರುವುದು ಕಡಿಮೆ. ಜನರಿಗೆ ಒಂದು ಹೆಸರು ಸಾಕು, ನೆನಪಿಡಲು ಸುಲಭ, ಅಲ್ವಾ? ಆದರೆ ಊರಿನ ಮನೆ, ಶಾಲೆ, ಅಂಗಡಿಸಾಲು, ಕಾಲೇಜು, ಸಿನಿಮಾ ಮಂದಿರಗಳಲ್ಲಿ ಬಹುಪಾಲು ಇವರ ಕೈಯಿಂದ ಬಂದವು. ಕಾರ್ಬೂಸಿಯೆ ತಮಗೆಂದು ಮುಖ್ಯವಾಗಿ ಇಟ್ಟುಕೊಂಡದ್ದು ಈ ಕ್ಯಾಪಿಟಲ್ ಬಯಲನ್ನು.

ಇದೇ 1951ರ ಜುಲೈ 13ರಂದು ನೆಹರೂ ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಅಡಿಗಲ್ಲು ಇಟ್ಟರು. ಹಳೆಯದರ ಹಂಗಿಲ್ಲದ ಊರು ಬೇಕು ಎಂದು ಚಂಡೀಗಢದ ಬೆನ್ನಿಗೆ ನಿಂತವರೂ ಅವರೇ. ಕೆಂಗಲ್ ಹನುಮಂತಯ್ಯನವರು ಗೋಪುರ, ಕಂಬ, ಕೆತ್ತನೆ ಇರುವ ಗ್ರಾನೈಟ್ ಸೌಧ ಕಟ್ಟಿಸಿದರು. ಚಂಡೀಗಢದಲ್ಲಿ ಸೆಂಟ್ರಿಂಗ್ ಹಲಗೆಯ ಗುರುತನ್ನೂ ಒರೆಸದ ಬರೀ ಕಾಂಕ್ರೀಟ್. ಒಂದೇ ದಶಕ, ಒಬ್ಬರೇ ಪ್ರಧಾನಿ, ಎರಡು ರಾಜಧಾನಿಗಳಿಗೆ ಎರಡು ಬೇರೆ ಬೇರೆ ಮುಖ. ಕನ್ನಡದವರು ಚಂಡೀಗಢ ನೋಡುವಾಗ ಇದು ತಲೆಯಲ್ಲಿದ್ದರೆ ಒಳ್ಳೆಯದು.

ಬಯಲಿನಲ್ಲಿ ಏನೇನಿದೆ

ಮೊದಲು ಎದ್ದದ್ದು ಹೈಕೋರ್ಟ್, 1955ರಲ್ಲಿ. ಇಡೀ ಕಟ್ಟಡದ ಮೇಲೆ ಕೊಡೆಯ ಥರ ಎರಡನೇ ಛಾವಣಿ. ನಡುವೆ ಗಾಳಿ ಆಡಲು ಜಾಗ. ಬಾಗಿಲಲ್ಲಿ ಹಸಿರು, ಹಳದಿ, ಕೆಂಪು ಬಣ್ಣದ ಮೂರು ದೈತ್ಯ ಗೋಡೆಗಂಬಗಳು. ಬಿಸಿಲು ನೇರ ಒಳಗೆ ಬರದಂತೆ ಮುಂಭಾಗದಲ್ಲಿ ಕಾಂಕ್ರೀಟಿನ ಅಡ್ಡ-ಉದ್ದ ಪಟ್ಟಿಗಳು. ಸೆಕ್ರೆಟೇರಿಯಟ್‌ನ ಉದ್ದ 254 ಮೀಟರ್. ಎಸಿ ಇಲ್ಲದ ಕಾಲದಲ್ಲಿ ಸಾವಿರಾರು ಗುಮಾಸ್ತರು ಕೂರಬೇಕಾದ ಕಟ್ಟಡ ಅದು. ಮೇಲೆ ಹತ್ತಲು ಇಳಿಜಾರು ದಾರಿಗಳೂ ಇವೆ. ಕೆಲಸ ನಡೆಯುವಾಗ ಬಾಂಡ್ಲಿಯಲ್ಲಿ ಕಾಂಕ್ರೀಟ್ ಹೊತ್ತವರಲ್ಲಿ ಹೆಂಗಸರೂ ಇದ್ದರು. ಆ ಕಾಲದ ಫೋಟೋಗಳಲ್ಲಿ ಅವರು ಕಾಣುತ್ತಾರೆ.

ವಿಧಾನಸಭೆಯ ಕಟ್ಟಡವೇ ಮೂರರಲ್ಲಿ ಹೆಚ್ಚು ಧೈರ್ಯದ್ದು. ಸಭಾಂಗಣದ ಮೇಲೆ ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ ಆಕಾರದ ಗೋಪುರ. ಅಹಮದಾಬಾದಿನಲ್ಲಿ ಕಂಡ ಕೂಲಿಂಗ್ ಟವರ್‌ಗಳಿಂದ ಈ ಆಲೋಚನೆ ಬಂತು. ಪಕ್ಕದಲ್ಲಿ ಪಿರಮಿಡ್ ತಲೆಯ ಇನ್ನೊಂದು ಸಭಾಂಗಣ, ಮೊದಲು ವಿಧಾನ ಪರಿಷತ್ತಿಗೆಂದು ಕಟ್ಟಿದ್ದು. 1966ರ ನವೆಂಬರ್ 1ರಂದು ಹರಿಯಾಣ ಬೇರೆಯಾಯಿತು, ಚಂಡೀಗಢ ಕೇಂದ್ರಾಡಳಿತ ಪ್ರದೇಶವಾಯಿತು, ಎರಡೂ ರಾಜ್ಯಗಳ ರಾಜಧಾನಿಯೂ ಆಯಿತು. ಗೋಪುರದ ಸಭಾಂಗಣ ಪಂಜಾಬಿಗೆ, ಪಿರಮಿಡ್ಡಿನದ್ದು ಹರಿಯಾಣಕ್ಕೆ. ಒಂದೇ ಸೂರಿನಡಿ ಎರಡು ವಿಧಾನಸಭೆ! ಮುಂಬಾಗಿಲು ಫ್ರಾನ್ಸ್ ಕೊಟ್ಟ ಉಡುಗೊರೆ. ಎನಾಮಲ್ ಹಲಗೆಗಳ ಮೇಲೆ ಕಾರ್ಬೂಸಿಯೆ ಬಣ್ಣ ಬಳಿದ ಚಿತ್ರಗಳು. ಒಳಗೆ ಹೋಗುವವರು ದಿನವೂ ಈ ಬಾಗಿಲಲ್ಲಿ ಹೋಗುವುದಿಲ್ಲ. ಅದು ವಿಶೇಷ ದಿನಗಳಿಗೆ ಮಾತ್ರ.

ನಾಲ್ಕನೇ ಕಟ್ಟಡ ಏಳಲೇ ಇಲ್ಲ. ಬಯಲಿನ ತಲೆಯ ಕಡೆ ರಾಜ್ಯಪಾಲರ ಅರಮನೆ ಬರಬೇಕಿತ್ತು. ಪ್ರಜಾಪ್ರಭುತ್ವದಲ್ಲಿ ರಾಜ್ಯಪಾಲರು ಎಲ್ಲರಿಗಿಂತ ಮೇಲೆ ಕೂರುವುದು ನೆಹರೂಗೆ ಸರಿ ಕಾಣಲಿಲ್ಲ. ಬದಲಿಗೆ ಜ್ಞಾನ ಸಂಗ್ರಹಾಲಯ ಎಂದರು, ಅದೂ ಆಗಲಿಲ್ಲ. ಹಾಗಾಗಿ ಇಡೀ ಬಯಲಿಗೆ ಒಂದು ಕಡೆ ಅಂಚೇ ಇಲ್ಲ. ಕಣ್ಣು ನೇರ ಬೆಟ್ಟಕ್ಕೆ ಹೋಗುತ್ತದೆ. ನನಗೆ ಇದು ನಷ್ಟವೆನಿಸಿಲ್ಲ. ಕಟ್ಟದೇ ಬಿಟ್ಟದ್ದೇ ಈ ಜಾಗದ ಒಳ್ಳೆಯ ಭಾಗ.

ಮಧ್ಯೆ ಸ್ಮಾರಕಗಳು: ನೆರಳಿನ ಗೋಪುರ, ಜ್ಯಾಮಿತಿ ದಿಬ್ಬ, ಹುತಾತ್ಮರ ಸ್ಮಾರಕ, ತೆರೆದ ಕೈ. ತೆರೆದ ಕೈ ಗಾಳಿಗೆ ತಿರುಗುವ ಲೋಹದ ದೊಡ್ಡ ಕೈ, ನೆಲದಿಂದ 26 ಮೀಟರ್ ಎತ್ತರ. ಕೊಡಲೂ ತೆರೆದ, ಪಡೆಯಲೂ ತೆರೆದ ಕೈ ಎಂದು ಇದರ ಅರ್ಥ ಹೇಳುತ್ತಾರೆ. ಕಾರ್ಬೂಸಿಯೆ 1965ರಲ್ಲಿ ತೀರಿಕೊಂಡರು. ಕೈ ಎದ್ದದ್ದು 1985ರಲ್ಲಿ. ಅದರ ಕೆಳಗೆ ನೆಲದೊಳಕ್ಕೆ ಇಳಿಸಿದ ಸಭಾಸ್ಥಳವಿದೆ. ಜನ ಸೇರಿ ಊರಿನ ವಿಷಯ ಮಾತಾಡಲಿ ಎಂದು ಮಾಡಿದ್ದು.

ಬೇಲಿ ಹೇಗೆ ಬಂತು

ತೆರೆದ ಕೈ ಎದ್ದ ಆ ವರ್ಷಗಳನ್ನು ನೆನಪಿಸಿಕೊಳ್ಳಿ. ಪಂಜಾಬ್ ಉಗ್ರವಾದದ ನಡುವೆ ಇತ್ತು. ಸರ್ಕಾರದ ಮೂರೂ ಅಂಗಗಳು ಒಂದೇ ಬಯಲಲ್ಲಿ ನಿಂತಿರುವ ಜಾಗ ಭದ್ರತೆಯ ದೃಷ್ಟಿಯಿಂದ ಕೆಟ್ಟ ಕನಸು. ಕಾವಲು ಹೆಚ್ಚುತ್ತಲೇ ಹೋಯಿತು. 1995ರ ಆಗಸ್ಟ್ 31ರಂದು ಸೆಕ್ರೆಟೇರಿಯಟ್ ಎದುರೇ ಬಾಂಬ್ ಸಿಡಿಯಿತು. ಪಂಜಾಬಿನ ಮುಖ್ಯಮಂತ್ರಿ ಬಿಯಂತ್ ಸಿಂಗ್ ಸತ್ತರು, ಅವರ ಜೊತೆ ಹದಿನೈದಕ್ಕೂ ಹೆಚ್ಚು ಜನ. ಆಮೇಲೆ ಬಯಲು ಮುಚ್ಚಿದ ಹಾಗೆಯೇ ಆಯಿತು. ಬ್ಯಾರಿಕೇಡ್, ಮುಳ್ಳುತಂತಿ, ಮರಳು ಮೂಟೆ.

ಇದನ್ನು ಅಧಿಕಾರಿಗಳ ಹಟ ಎಂದು ತಳ್ಳಿಹಾಕಲು ನಾನು ತಯಾರಿಲ್ಲ. ಕಾರಣ ಇತ್ತು, ರಕ್ತ ಚೆಲ್ಲಿದ ಕಾರಣ. ಆದರೆ ಬೇಲಿ ಹಾಕುವ ಕಾರಣ ಹೋದ ಮೇಲೂ ಬೇಲಿ ಉಳಿಯುತ್ತದೆ. ನಮ್ಮಲ್ಲೂ ಹಾಗೇ ಅಲ್ವಾ? ಬೆಂಗಳೂರಿನಲ್ಲಿ 2022ರಿಂದ ಧರಣಿ, ಮೆರವಣಿಗೆ ಎಲ್ಲ ಫ್ರೀಡಂ ಪಾರ್ಕ್‌ಗೆ ಸೀಮಿತ. ವಿಧಾನಸೌಧದ ಮುಂದೆ ಜನ ಕೂಗಿದ್ದು ಹಳೆಯ ಕಥೆ.

ಇನ್ನೊಂದು ಮಾತನ್ನೂ ಹೇಳಬೇಕು. ಬೇಲಿ ಬರುವ ಮೊದಲೂ ಈ ಚೌಕ ಗಿಜಿಗುಡುತ್ತಿರಲಿಲ್ಲ. ಹೈಕೋರ್ಟಿನಿಂದ ವಿಧಾನಸಭೆಗೆ ನಾನೂರು ಮೀಟರ್‌ಗೂ ಜಾಸ್ತಿ ದೂರ. ನಡುವೆ ನೆರಳಿಲ್ಲ, ಅಂಗಡಿಯಿಲ್ಲ, ಒಂದು ಟೀ ಸಿಗುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು. ಪ್ರತಿ ಕಟ್ಟಡದ ಮುಖಕ್ಕೂ ಬಿಸಿಲು ತಡೆಯಲು ಅಷ್ಟು ತಲೆ ಓಡಿಸಿದ ಮನುಷ್ಯ, ಕಟ್ಟಡಗಳ ನಡುವೆ ನಡೆಯುವವರ ತಲೆ ಮರೆತರು. ಮಣ್ಣಿನ ದಿಬ್ಬಗಳು ಕಾರುಗಳನ್ನು ಮರೆಮಾಡಿದವು ನಿಜ, ಜೊತೆಗೆ ಊರನ್ನೂ ಮರೆಮಾಡಿದವು. ಅಂದರೆ 1995ಕ್ಕೂ ಮೊದಲೇ ಜನ ಇಲ್ಲಿಗೆ ಬರಲು ವಿಶೇಷ ಕಾರಣ ಬೇಕಿತ್ತು. ಪೊಲೀಸರು ಖಾಲಿ ಜಾಗಕ್ಕೆ ಬೇಲಿ ಹಾಕಿದರು. ಅದಕ್ಕೇ ದೊಡ್ಡ ವಿರೋಧ ಬರಲಿಲ್ಲ. ಇದು ನನ್ನ ಊಹೆ, ಆದರೆ ಗಟ್ಟಿ ಊಹೆ.

ಸಾಕ್ಷಿ ಪಕ್ಕದಲ್ಲೇ ಇದೆ. ಕ್ಯಾಪಿಟಲ್‌ನಿಂದ ಸ್ವಲ್ಪ ದೂರದಲ್ಲಿ ಸುಖ್ನಾ ಕೆರೆ. 1958ರಲ್ಲಿ ಸುಖ್ನಾ ತೊರೆಗೆ ಕಟ್ಟೆ ಹಾಕಿ ಮಾಡಿದ್ದು. ಏರಿಯ ಮೇಲೆ ವಾಹನ ಬಿಡುವುದಿಲ್ಲ. ಬೆಳಗ್ಗೆ, ಸಂಜೆ ಇಡೀ ಊರು ಅಲ್ಲಿ ನಡೆಯುತ್ತದೆ. ನಡುವೆ ರಾಕ್ ಗಾರ್ಡನ್. ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್ ನೇಕ್ ಚಂದ್ ಕಾಡಿನೊಳಗೆ ಗುಟ್ಟಾಗಿ, ವರ್ಷಗಟ್ಟಲೆ, ಒಡೆದ ಟೀ ಕಪ್ಪು, ಬಳೆಚೂರು, ಕೆಡವಿದ ಹಳ್ಳಿಮನೆಗಳ ಅವಶೇಷಗಳಿಂದ ಕಟ್ಟಿದ ಲೋಕ ಅದು. 1976ರಲ್ಲಿ ಜನರಿಗೆ ತೆರೆಯಿತು. ಈ ಊರು ಕಟ್ಟಲು ಯಾವ ಹಳ್ಳಿಗಳನ್ನು ಎಬ್ಬಿಸಿದರೋ ಅವುಗಳ ಚೂರುಗಳು ಕಣ್ಣಾರೆ ಕಾಣುವುದು ಅಲ್ಲೇ. ಅಲ್ಲಿಗೆ ಶಾಲಾ ಮಕ್ಕಳ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ನಕ್ಷೆಯಲ್ಲಿ ಇಲ್ಲದ ಜಾಗ ಜನರದ್ದಾಯಿತು.

ಟೂರ್ ಹೇಗೆ ನಡೆಯುತ್ತದೆ

2016ರ ಜುಲೈನಲ್ಲಿ ಕ್ಯಾಪಿಟಲ್ ಕಾಂಪ್ಲೆಕ್ಸ್ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಏಳು ದೇಶಗಳಲ್ಲಿ ಹರಡಿರುವ ಕಾರ್ಬೂಸಿಯೆ ಅವರ 17 ಕೆಲಸಗಳು ಒಟ್ಟಿಗೆ ಪಟ್ಟಿಗೆ ಸೇರಿದವು, ಅದರಲ್ಲಿ ಇದೊಂದು. ಜಗತ್ತಿನ ಆಸ್ತಿ ಎಂದು ಹೆಸರು ಬಂದ ಮೇಲೆ ಜಗತ್ತಿಗೆ ತೋರಿಸಬೇಕಲ್ಲ. ದಿನಕ್ಕೆ ಮೂರು ಹೊತ್ತಿನ ಉಚಿತ ಗೈಡೆಡ್ ಟೂರ್ ಪದ್ಧತಿ ಗಟ್ಟಿಯಾಯಿತು: ಬೆಳಗ್ಗೆ ಹತ್ತು, ಮಧ್ಯಾಹ್ನ ಹನ್ನೆರಡು, ಮೂರು.

ಭದ್ರತೆ ಮತ್ತು ಪ್ರವೇಶ, ಈ ಎರಡರ ನಡುವಿನ ರಾಜಿ ಈ ಟೂರ್. ರಾಜಿಯಾಗಿ ನೋಡಿದರೆ ಕೆಟ್ಟದ್ದೇನಲ್ಲ. ದುಡ್ಡಿಲ್ಲ, ಮೊದಲೇ ಯಾರನ್ನೂ ಹಿಡಿಯಬೇಕಿಲ್ಲ, ಆಧಾರ್ ಕಾರ್ಡ್ ಇದ್ದರೆ ಸಾಕು. ದೇಶದ ಎಷ್ಟೋ ವಿಧಾನಸಭೆಗಳ ಗೇಟಿನ ಹತ್ತಿರವೂ ಸಾಮಾನ್ಯರನ್ನು ಬಿಡುವುದಿಲ್ಲ. ಆ ಲೆಕ್ಕದಲ್ಲಿ ಚಂಡೀಗಢ ಮುಂದು.

ತೊಂದರೆ ಇರುವುದು ಟೂರ್‌ನ ಒಳಗೆ. ಗುಂಪು ತೆರೆದ ಕೈ ನೋಡುತ್ತದೆ, ಹೈಕೋರ್ಟಿನ ಮುಂಭಾಗ ನೋಡುತ್ತದೆ, ಬಯಲು ದಾಟುತ್ತದೆ, ನೆರಳಿನ ಗೋಪುರದಲ್ಲಿ ನಿಲ್ಲುತ್ತದೆ, ವಿಧಾನಸಭೆ ಸೇರುತ್ತದೆ. ಅಧಿವೇಶನ ಇದ್ದರೆ, ಕೋರ್ಟ್ ನಡೆಯುತ್ತಿದ್ದರೆ ಒಳಗಿನ ನೋಟ ಕಡಿಮೆಯಾಗುತ್ತದೆ. ಅದು ಸರಿಯೇ, ಅವು ಕೆಲಸ ಮಾಡುವ ಕಟ್ಟಡಗಳು. ಆದರೆ ಎಲ್ಲೂ ಕೂರಲು ಬಿಡುವಿಲ್ಲ. ಮದುವೆ ಛತ್ರದಲ್ಲಿ ಮುಂದಿನ ಪಂಕ್ತಿಗೆಂದು ಉಂಡವರನ್ನು ಎಬ್ಬಿಸುವ ಹಾಗೆ ಗುಂಪನ್ನು ಮುಂದೆ ಸರಿಸುತ್ತಾರೆ. ಚೌಕ ಎನ್ನುವುದು ನಿಲ್ಲಲು, ಕೂರಲು, ಸುಮ್ನೆ ಕಾಲ ಕಳೆಯಲು ಇರುವ ಜಾಗ. ಗುಂಪಿನ ನಡಿಗೆಯಲ್ಲಿ ಅದೊಂದು ದಾಟುವ ಜಾಗವಾಗುತ್ತದೆ. ಮಾತು ಕಟ್ಟಡಗಳ ಎತ್ತರ, ಆಕಾರ, ಬಣ್ಣದ ಅರ್ಥದ ಸುತ್ತ ಸುತ್ತುತ್ತದೆ. ಈ ಬಯಲು ಯಾಕೆ ಖಾಲಿ ಎಂಬ ಪ್ರಶ್ನೆ ನೋಡುವವರ ಬಾಯಿಗೆ ಮೊದಲು ಬರುವಂಥದ್ದು. ಅದಕ್ಕೆ ಉತ್ತರ 1995ರಲ್ಲಿದೆ, ನಕ್ಷೆಯಲ್ಲಿದೆ, ಬಿಸಿಲಿನಲ್ಲಿದೆ. ಅದನ್ನು ಹೇಳದ ಟೂರ್ ಕಟ್ಟಡಗಳನ್ನು ತೋರಿಸುತ್ತದೆ, ಚೌಕವನ್ನು ತೋರಿಸುವುದಿಲ್ಲ.

ಹೊತ್ತಿನ ವಿಷಯ ಬೇರೆ. ಇಲ್ಲಿನ ಇಡೀ ವಾಸ್ತುಶಿಲ್ಪ ಸೂರ್ಯನ ಜೊತೆಗಿನ ಜಗಳ. ನೆರಳಿನ ಗೋಪುರ ಕಟ್ಟಿದ್ದೇ ಸೂರ್ಯನ ಚಲನೆ ಅರಿತು ನೆರಳು ಹುಟ್ಟಿಸಬಹುದು ಎಂದು ತೋರಿಸಲು. ಅದು ಓರೆ ಬಿಸಿಲಿನಲ್ಲಿ ಮಾತಾಡುತ್ತದೆ, ನಡುಮಧ್ಯಾಹ್ನ ಸುಮ್ಮನಾಗುತ್ತದೆ. ಬೇಸಿಗೆಯ ಹನ್ನೆರಡು ಗಂಟೆಯ ಟೂರ್‌ಗೆ ಹೋದವರಿಗೆ ನೆನಪುಳಿಯುವುದು ಬಾಯಾರಿಕೆ. ಸಂಜೆ ಆರರ ಟೂರ್ ಒಂದಿದ್ದರೆ? ಕಚೇರಿ ಸಮಯಕ್ಕೆ, ಕಾವಲಿನ ಪಾಳಿಗೆ ಅದು ಹೊಂದುವುದಿಲ್ಲ ಎನ್ನಬಹುದು. ಆದರೆ ವರ್ಷದ ನಾಲ್ಕು ತಿಂಗಳಿಗಾದರೂ ಹೊತ್ತು ಬದಲಿಸಲು ಬೇಲಿ ಕೀಳಬೇಕಿಲ್ಲ.

ಇನ್ನೊಂದು ಚೌಕ

ಕ್ಯಾಪಿಟಲ್‌ನಿಂದ 'ಜನ ಮಾರ್ಗ' ಎಂಬ ರಸ್ತೆ ಹಿಡಿದು ಇಳಿದರೆ ಎರಡು ಮೂರು ಕಿಲೋಮೀಟರ್‌ನಲ್ಲಿ ಸೆಕ್ಟರ್ 17. ಕಾರ್ಬೂಸಿಯೆ ಊರಿನ ತಲೆ ಎಂದು ಕರೆದದ್ದು ಕ್ಯಾಪಿಟಲ್ ಅನ್ನು, ಹೃದಯ ಎಂದದ್ದು ಇದನ್ನು. ನಾಲ್ಕು ಮಹಡಿಯ ಕಾಂಕ್ರೀಟ್ ಕಟ್ಟಡಗಳು, ಎಲ್ಲದಕ್ಕೂ ಒಂದೇ ಎತ್ತರ, ಒಂದೇ ಅಂತರದ ಕಂಬಗಳು, ಕೆಳಗೆ ವರಾಂಡ. ನಡುವೆ ಕಾರಿಲ್ಲದ ಪ್ಲಾಜಾ, ಕಾರಂಜಿ, ಆದಿತ್ಯ ಪ್ರಕಾಶ್ ವಿನ್ಯಾಸದ ನೀಲಂ ಸಿನಿಮಾ ಮಂದಿರ. ಇಲ್ಲಿ ಬೇಲಿಯಿಲ್ಲ, ಗುರುತಿನ ಚೀಟಿ ಬೇಡ.

ಹಲವು ದಶಕ ಊರಿಗೆ ಊರೇ ಸಂಜೆಗೆ ಬರುತ್ತಿದ್ದದ್ದು ಇಲ್ಲಿಗೆ. ಬಟ್ಟೆ, ಪುಸ್ತಕ, ಸಿನಿಮಾ, ಐಸ್‌ಕ್ರೀಂ. 2013ರಲ್ಲಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಲಾಂಟೆ ಮಾಲ್ ಬಂದ ಮೇಲೆ ವ್ಯಾಪಾರ ಅತ್ತ ಸರಿಯಿತು. ಪ್ಲಾಜಾದಲ್ಲಿ ಬೀದಿ ವ್ಯಾಪಾರಿಗಳು ತುಂಬಿಕೊಂಡರು. ಅಂಗಡಿಯವರಿಗೂ ಅವರಿಗೂ ವರ್ಷಗಟ್ಟಲೆ ತಿಕ್ಕಾಟ. ಕೊನೆಗೆ 2019ರ ಡಿಸೆಂಬರ್‌ನಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು. ಈಗ ಪ್ಲಾಜಾ ಅಚ್ಚುಕಟ್ಟು. ಸಂಜೆ ಜನ ಇರುತ್ತಾರೆ, ಮೊದಲಿನಷ್ಟಲ್ಲ. ಹರೆಯದವರಿಗೆ ಸೆಕ್ಟರ್ 8ರಿಂದ 11ರವರೆಗೆ ಕಾರಿನಲ್ಲಿ ಸುತ್ತು ಹೊಡೆಯುವ 'ಗೇಡಿ' ಇದೆ. ನಡೆಯಲೆಂದು ಕಟ್ಟಿದ ಚೌಕ ಬಿಟ್ಟು ರಸ್ತೆಯಲ್ಲೇ ಸುತ್ತುವುದನ್ನು ಊರು ಆರಿಸಿಕೊಂಡಿತು. ಕಾರು ಪ್ರೀತಿಸಿದ ಕಾರ್ಬೂಸಿಯೆ ಇದಕ್ಕೆ ನಗುತ್ತಿದ್ದರೋ ಏನೋ.

ಕ್ಯಾಪಿಟಲ್ ಟೂರ್‌ಗೂ ಸೆಕ್ಟರ್ 17ಕ್ಕೂ ಸಂಬಂಧವೇ ಕಲ್ಪಿಸಿಲ್ಲ. ಹೊರಗಿನಿಂದ ಬಂದವರು ಕ್ಯಾಪಿಟಲ್ ನೋಡುತ್ತಾರೆ, ರಾಕ್ ಗಾರ್ಡನ್ ನೋಡುತ್ತಾರೆ, ಸುಖ್ನಾದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಸೆಕ್ಟರ್ 17 ಶಾಪಿಂಗ್ ಪಟ್ಟಿಗೆ ಸೇರುತ್ತದೆ. ಇದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ಒಂದೇ ನಕ್ಷೆ, ಒಂದೇ ತಂಡ, ಒಂದೇ ಕಾಂಕ್ರೀಟ್, ಎರಡು ಚೌಕ. ಒಂದು ಖಾಲಿಯಾದದ್ದು ಭಯದಿಂದ ಮತ್ತು ಅಳತೆಯಿಂದ. ಇನ್ನೊಂದು ಸೊರಗಿದ್ದು ಮಾರುಕಟ್ಟೆಯಿಂದ ಮತ್ತು ನಿಯಮಗಳಿಂದ. ಎರಡನ್ನೂ ಒಂದೇ ದಿನ ನಡೆದರೆ ಚೌಕವೊಂದು ಬದುಕಲು ಏನು ಬೇಕು ಎಂದು ಯಾರೂ ಹೇಳದೆಯೇ ಗೊತ್ತಾಗುತ್ತದೆ.

ವರಾಂಡದ ವ್ಯಾಜ್ಯ

ಟೂರ್ ಗುಂಪು ಹೈಕೋರ್ಟಿನ ಮುಂಭಾಗವನ್ನು ಶಿಲ್ಪದ ಥರ ನೋಡಿ ಹೋಗುತ್ತದೆ. ಅದೇ ಮುಂಭಾಗದ ಬಗ್ಗೆ ಈಚೆಗೆ ದೊಡ್ಡ ವ್ಯಾಜ್ಯ ನಡೆಯಿತು. ಒಂದನೇ ಕೋರ್ಟ್ ಹಾಲ್ ಎದುರು ಬಿಸಿಲು-ಮಳೆಗೆ ನಿಲ್ಲಲು ವರಾಂಡ ಕಟ್ಟಿ ಎಂದು ಹೈಕೋರ್ಟ್ ಚಂಡೀಗಢದ ಆಡಳಿತಕ್ಕೆ ಹೇಳಿತು. ಉಳಿದ ಕೋರ್ಟ್ ಹಾಲ್‌ಗಳ ಮುಂದೆ ವರಾಂಡ ಇದೆ, ಇಲ್ಲಿ ಇಲ್ಲ. ಕಟ್ಟಿದರೆ ಯುನೆಸ್ಕೋ ಪಟ್ಟಿಯ ಕಟ್ಟಡದ ಮೂಲ ರೂಪಕ್ಕೆ ಧಕ್ಕೆ ಎಂದು ಕೇಂದ್ರಾಡಳಿತ ಪ್ರದೇಶದ ಆಡಳಿತ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನೇ ಎತ್ತಿಹಿಡಿಯಿತು. ಅದಕ್ಕೂ ಸ್ವಲ್ಪ ಮೊದಲು, ಅದೇ ವರ್ಷದ ಮಾರ್ಚ್‌ನಲ್ಲಿ, ಹೈಕೋರ್ಟಿನ ಕಡೆಯ ರಸ್ತೆ ಮತ್ತು ಪಾರ್ಕಿಂಗ್ ಒತ್ತಡಕ್ಕೆ ರಾಕ್ ಗಾರ್ಡನ್‌ನ ಗೋಡೆಯ ಒಂದು ಭಾಗವನ್ನು ಕೆಡವಿದರು. ಊರಿನವರು ಪ್ರತಿಭಟಿಸಿದರು.

ಈ ಎರಡು ಘಟನೆಗಳಲ್ಲಿ ಟೂರ್‌ಗೆ ಬೇಕಾದ ಕಥೆಯೆಲ್ಲ ಇದೆ. ಕೆಲವೇ ನ್ಯಾಯಾಧೀಶರಿಗೆಂದು ಕಟ್ಟಿದ ಕೋರ್ಟಿಗೆ ಎರಡು ರಾಜ್ಯ ಮತ್ತು ಒಂದು ಕೇಂದ್ರಾಡಳಿತ ಪ್ರದೇಶದ ಮೊಕದ್ದಮೆಗಳು ಬರುತ್ತವೆ. ಸಾವಿರಾರು ವಕೀಲರು, ಕಕ್ಷಿದಾರರು, ಅವರ ಕಾರುಗಳು. ಊರು ರೂಪಿಸಿದ್ದು ಮೊದಲ ಹಂತಕ್ಕೆ ಒಂದೂವರೆ ಲಕ್ಷ, ಕೊನೆಗೆ ಐದು ಲಕ್ಷ ಜನಕ್ಕೆ. 2011ರ ಜನಗಣತಿಯಲ್ಲೇ ಹತ್ತೂವರೆ ಲಕ್ಷ ದಾಟಿತ್ತು. ಪರಂಪರೆ ಕಾಪಾಡುವವರಿಗೆ ಕಟ್ಟಡ ಹಾಗೇ ಇರಬೇಕು. ಕೋರ್ಟ್ ಹಾಲ್ ಹೊರಗೆ ಕಾಯುವ ವಕೀಲರಿಗೆ ತಲೆ ಮೇಲೊಂದು ಸೂರು ಬೇಕು. ಎರಡೂ ಕಡೆ ನ್ಯಾಯವಿದೆ. ನನ್ನ ಒಲವು ಸೂರಿನ ಕಡೆ, ಕಟ್ಟುವ ಕೈಗೆ ಹದವಿದ್ದರೆ.

ಪೀಠೋಪಕರಣಗಳದ್ದೂ ಇಂಥದ್ದೇ ಕಥೆ. ಜಾನರೆ ಮತ್ತು ತಂಡ ಕಚೇರಿಗಳಿಗೆಂದು ಮಾಡಿಸಿದ ತೇಗದ ಕುರ್ಚಿಗಳು ಹಳೆಯವಾದಾಗ ಗುಜರಿ ಲೆಕ್ಕದಲ್ಲಿ ಹೋದವು. ಆಮೇಲೆ ಅವೇ ಯುರೋಪ್, ಅಮೆರಿಕದ ಹರಾಜುಗಳಲ್ಲಿ ಭಾರಿ ಬೆಲೆಗೆ ಮಾರಾಟವಾದವು. ಬಳಸುವವರಿಗೆ ಕುರ್ಚಿ, ಹೊರಗಿನವರಿಗೆ ಕಲಾಕೃತಿ.

ಬದಲಿಸಬಹುದಾದದ್ದು

ಬೇಲಿ ಪೂರ್ತಿ ಹೋಗುತ್ತದೆ ಎಂದು ನಾನು ನಿರೀಕ್ಷಿಸುವುದಿಲ್ಲ. ಆದರೆ ಟೂರ್ ಬದಲಾಗಬಹುದು. ಅದನ್ನು ಸೆಕ್ಟರ್ 17ರಲ್ಲಿ ಶುರು ಮಾಡಬೇಕು. ಅಲ್ಲಿಂದ ಜನ ಮಾರ್ಗದಲ್ಲಿ ಸೆಕ್ಟರ್ 10ರ ಸರ್ಕಾರಿ ವಸ್ತುಸಂಗ್ರಹಾಲಯ ದಾಟಿ ಕ್ಯಾಪಿಟಲ್‌ಗೆ ಬಂದರೆ, ಊರು ತೆಳುವಾಗುತ್ತಾ ಹೋಗಿ ಬಯಲು ಬಿಚ್ಚಿಕೊಳ್ಳುವುದು ಅನುಭವಕ್ಕೆ ಬರುತ್ತದೆ. ತೆರೆದ ಕೈ ಕೆಳಗಿನ ಸಭಾಸ್ಥಳದಲ್ಲಿ ಗುಂಪನ್ನು ಕೂರಿಸಿ ಹದಿನೈದು ನಿಮಿಷ ಮಾತಾಡಬೇಕು, ಪ್ರಶ್ನೆ ಕೇಳಲು ಬಿಡಬೇಕು. ಆ ಜಾಗ ಇರುವುದೇ ಅದಕ್ಕೆ. ಹುತಾತ್ಮರ ಸ್ಮಾರಕದ ಜೊತೆಗೆ 1995ರ ಮಾತೂ ಬರಲಿ. ಹೈಕೋರ್ಟಿನ ಮುಂದೆ ವರಾಂಡದ ವ್ಯಾಜ್ಯ ಬರಲಿ. ಬೇಸಿಗೆಯಲ್ಲಿ ಹನ್ನೆರಡರ ಟೂರ್ ಕೈಬಿಟ್ಟು ಸೂರ್ಯ ಇಳಿಯುವ ಹೊತ್ತಿಗೆ ಒಂದು ಇಡಲಿ.

ಇದರಲ್ಲಿ ಬೆಂಗಳೂರಿಗೂ ಕೆಲಸವಿದೆ. 2025ರ ಜೂನ್‌ನಿಂದ ವಿಧಾನಸೌಧದಲ್ಲೂ ಗೈಡೆಡ್ ಟೂರ್ ಇದೆ. ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರ, ದೊಡ್ಡವರಿಗೆ 50 ರೂಪಾಯಿ ಟಿಕೆಟ್ ಇಟ್ಟು ಶುರು ಮಾಡಿದರು. ವರ್ಷಗಟ್ಟಲೆ ಹೊರಗಿನ ಕಬ್ಬಿಣದ ಬೇಲಿಯಿಂದಲೇ ಸೆಲ್ಫಿ ತೆಗೆದುಕೊಂಡವರು ಈಗ ಒಳಗೆ ಹೋಗಬಹುದು. ಒಳ್ಳೆಯದೇ. ಚಂಡೀಗಢದಲ್ಲಿ ವ್ಯಕ್ತಿಗಳ ಪ್ರತಿಮೆ ಇಡಬಾರದು ಎಂದು ಕಾರ್ಬೂಸಿಯೆ ಶಾಸನದ ಹಾಗೆ ಬರೆದಿಟ್ಟರು. ನಮ್ಮ ಸೌಧದ ಸುತ್ತ ಪ್ರತಿಮೆಗಳದ್ದೇ ಸಾಲು, ಗೈಡ್‌ಗೆ ಅವುಗಳ ಪರಿಚಯ ಹೇಳುವುದರಲ್ಲೇ ಅರ್ಧ ಹೊತ್ತು ಹೋಗಬಹುದು. ಕಂಬಗಳ ಎಣಿಕೆ, ಗುಮ್ಮಟದ ಎತ್ತರದ ಜೊತೆಗೆ ಈ ಮೆಟ್ಟಿಲುಗಳ ಮುಂದೆ ಹಿಂದೆ ಯಾರು ಸೇರುತ್ತಿದ್ದರು, ಈಗ ಯಾಕೆ ಸೇರುವುದಿಲ್ಲ ಎಂಬುದನ್ನೂ ಹೇಳಿದರೆ ಆ ಟೂರ್ ಚಂಡೀಗಢದ್ದಕ್ಕಿಂತ ಒಂದು ಹೆಜ್ಜೆ ಮುಂದಿರುತ್ತದೆ.

ಚಂಡೀಗಢಕ್ಕೆ ಹೋಗುವವರು ಅಲ್ಲಿಯ ಆಡಳಿತ ಬದಲಾಗಲಿ ಎಂದು ಕಾಯಬೇಕಿಲ್ಲ. ಹಿಂದಿನ ದಿನ ಸಂಜೆಯೇ ಸೆಕ್ಟರ್ 17ರ ಪ್ಲಾಜಾದಲ್ಲಿ ಒಂದು ಗಂಟೆ ಕೂತು ಬನ್ನಿ. ಬೆಳಗ್ಗೆ ಸೆಕ್ಟರ್ 19ರ ಲೆ ಕಾರ್ಬೂಸಿಯೆ ಕೇಂದ್ರ ಅಥವಾ ಸೆಕ್ಟರ್ 5ರ ಜಾನರೆ ಮನೆಗಿಂತ ಮೊದಲು ಕ್ಯಾಪಿಟಲ್ ಮುಗಿಸಿ, ಹತ್ತು ಗಂಟೆಯ ಟೂರ್ ಹಿಡಿಯಿರಿ. ಆಧಾರ್, ಟೋಪಿ, ನೀರಿನ ಬಾಟಲಿ ಇರಲಿ. ಸಾಧ್ಯವಾದರೆ ಕೆಲಸದ ದಿನವೇ ಹೋಗಿ. ಕಟ್ಟಡದ ಒಳಗಿನ ನೋಟ ಕಡಿಮೆಯಾದರೂ ಕಪ್ಪು ಕೋಟಿನ ವಕೀಲರು, ಫೈಲು ಹಿಡಿದ ನೌಕರರು ಓಡಾಡುವ ಬಯಲು ಕಾಣುತ್ತದೆ. ಮತ್ತೆ ಗೈಡ್‌ನ ಮಾತು ಮುಗಿದಾಗ ಕೇಳಿ: ಈ ಚೌಕಕ್ಕೆ ಊರಿನವರು ಯಾಕೆ ಬರುವುದಿಲ್ಲ?